ಯುದ್ಧ ನಿಂತ ಮೇಲೆ ಒಟ್ಟಿಗೆ ಬದುಕೋದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂತರ್ಯುದ್ಧ, ನರಮೇಧ, ಸರ್ವಾಧಿಕಾರ ಇವೆಲ್ಲ ಕಳೆದ ದೇಶಗಳಲ್ಲಿ ಜನ ಮತ್ತೆ ಒಂದೇ ಬೀದೀಲಿ ಹೇಗೆ ಬದುಕ್ತಾರೆ ಅಂತ ಮಾತು ಬಂದಾಗೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರ್ತವೆ. ಎದುರಿಗೇ ಕೇಳಿದವರಿದಾರೆ, ಪತ್ರ ಬರೆದು ಕೇಳಿದವರಿದಾರೆ. ಕೇಳಿದವರ ಮಾತನ್ನ ಹಾಗೇ ಇಟ್ಟಿದೀನಿ. ಬೇಕಾದ ಪ್ರಶ್ನೆಗೆ ನೇರ ಹೋಗಬಹುದು, ಹಿಂದಿನದು ಓದಿರಲೇಬೇಕು ಅಂತಿಲ್ಲ.

### ಶುರುವಿನ ಪ್ರಶ್ನೆಗಳು

ಯುದ್ಧ ನಿಂತ್ರೆ ಶಾಂತಿ ಬಂತು ಅಂತಾನೇ ಅಲ್ವಾ? ಮತ್ತೆ ಈ ಶಾಂತಿ ಕಟ್ಟೋದು ಅಂದ್ರೆ ಏನು?

ಗುಂಡಿನ ಸದ್ದು ನಿಲ್ಲೋದು ಒಂದು, ಎದೆಯೊಳಗಿನ ಭಯ ಹೋಗೋದು ಇನ್ನೊಂದು. ನಾರ್ವೆಯ ಶಾಂತಿ ಸಂಶೋಧಕ ಯೋಹಾನ್ ಗಾಲ್ಟುಂಗ್ 1960ರ ದಶಕದಲ್ಲೇ ಇದನ್ನ ಬಿಡಿಸಿ ಹೇಳಿದ್ರು, ಹಿಂಸೆ ಇಲ್ಲ ಅನ್ನೋ ಅಷ್ಟಕ್ಕೇ ನಿಲ್ಲೋ ಶಾಂತಿ ಒಂದು ಥರ, ಹಿಂಸೆ ಹುಟ್ಟಿಸಿದ ಅನ್ಯಾಯಾನೂ ಸರಿ ಮಾಡ್ತಾ ಹೋಗೋ ಶಾಂತಿ ಬೇರೆ ಥರ ಅಂತ. ಸೈಪ್ರಸ್ ನೋಡಿ. ಗ್ರೀಕರ ಕಡೆ, ಟರ್ಕರ ಕಡೆ ಅಂತ ಹೋಳಾದ ದ್ವೀಪ ಅದು. 1974ರಲ್ಲಿ ಕದನ ವಿರಾಮ ಆಯ್ತು, ಇವತ್ತಿಗೂ ಅಂತಿಮ ಒಪ್ಪಂದ ಆಗಿಲ್ಲ, ದ್ವೀಪದ ಅಡ್ಡಕ್ಕೆ ಸುಮಾರು 180 ಕಿಲೋಮೀಟರ್ ಉದ್ದಕ್ಕೆ ವಿಶ್ವಸಂಸ್ಥೆಯ ಸೈನಿಕರು ಕಾಯೋ ಪಟ್ಟಿ ಇದೆ, ಮತ್ತೆ 2003ರ ಏಪ್ರಿಲ್‌ನಲ್ಲಿ ದಾರಿ ತೆರೆಯೋ ತನಕ ಸಾಮಾನ್ಯ ಜನಕ್ಕೆ ಆ ಕಡೆ ಬಿಟ್ಟುಬಂದ ತಮ್ಮ ಮನೆ ಇದೆಯಾ ಬಿದ್ದಿದೆಯಾ ಅಂತ ಹೋಗಿ ನೋಡೋಕೂ ಆಗ್ತಿರಲಿಲ್ಲ. ಯುದ್ಧ ಇರಲಿಲ್ಲ, ನಿಜ. ಅದನ್ನ ಶಾಂತಿ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ರಾಜಿ ಅಂದ್ರೆ ಕಾಂಪ್ರಮೈಸ್ ತಾನೇ? ಸತ್ತವರ ವಿಷಯದಲ್ಲಿ ಏನು ಕಾಂಪ್ರಮೈಸ್ ಮಾಡೋದು?

ಈ ಪ್ರಶ್ನೆ ಅರ್ಧ ನಮ್ಮ ಭಾಷೇದು. ರಾಜಿ ಅಂದ ಕೂಡಲೇ ನಮಗೆ ನೆನಪಾಗೋದು ಜಮೀನಿನ ಕೇಸು, ನೀನು ಸ್ವಲ್ಪ ಬಿಡು ಅವನು ಸ್ವಲ್ಪ ಬಿಡಲಿ ಅನ್ನೋ ಪಂಚಾಯ್ತಿ ಮಾತು. ಸಂಧಾನ ಅಂದ್ರೆ ನಾಯಕರ ನಡುವಿನದು. ಸಾಮರಸ್ಯ ಅಂದ್ರೆ ಭಾಷಣದ ವಾಸನೆ ಬರುತ್ತೆ. ನಾನು ಮರುಬೆಸುಗೆ ಅಂತೀನಿ, ಯಾಕಂದ್ರೆ ಬೆಸುಗೆ ಹಾಕಿದ ಜಾಗದಲ್ಲಿ ಗುರುತು ಉಳಿಯುತ್ತೆ, ಮೊದಲಿನ ಹಾಗೇ ಆಯ್ತು ಅಂತ ಯಾರೂ ನಟಿಸಬೇಕಾಗಿಲ್ಲ, ಆದ್ರೆ ಪಾತ್ರೆ ಮತ್ತೆ ನೀರು ಹಿಡಿಯುತ್ತೆ. ಕೊಂದವರ ಕಡೆಯವರೂ ಕಳಕೊಂಡವರ ಕಡೆಯವರೂ ಒಂದೇ ರಸ್ತೇಲಿ ಹೆದರದೆ ನಡೆಯೋದು, ಒಂದೇ ಆಸ್ಪತ್ರೆಗೆ ಹೋಗೋದು, ವೋಟು ಹಾಕಿ ಸೋತ್ರೆ ಸೋಲು ಒಪ್ಕೊಳೋದು. ಇಷ್ಟಾದ್ರೆ ಅದು ಸಣ್ಣದಲ್ಲ. ನಂಬಿಕೆ, ಸ್ನೇಹ ಆಮೇಲೆ ಬಂದ್ರೆ ಬರಲಿ.

ಮನೆಯವರನ್ನ ಕೊಂದವನನ್ನ ಕ್ಷಮಿಸಲೇಬೇಕಾ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದೋರಿದ್ರೆ ಇದನ್ನ ಓದಿ.

ಕ್ಷಮೆ ಅನ್ನೋದು ಕಳಕೊಂಡವರ ಕೈಯಲ್ಲಿರೋ ವಸ್ತು, ಅವರು ಕೊಟ್ರೆ ಕೊಡಬಹುದು, ಹತ್ತು ವರ್ಷ ಬಿಟ್ಟು ಕೊಡಬಹುದು, ಕೊಡದೇನೂ ಇರಬಹುದು. ಸರ್ಕಾರ ಅದನ್ನ ಅವರ ಪರವಾಗಿ ಕೊಡೋಕಾಗಲ್ಲ, ಧರ್ಮಗುರುಗಳು ಕೇಳಿ ಪಡೆಯೋಕಾಗಲ್ಲ. ವರ್ಣಭೇದದ ಕಾಲದಲ್ಲಿ ಏನೇನಾಯ್ತು ಅಂತ ಬಯಲಿಗೆ ತರೋಕೆ ಮಾಡಿದ ದಕ್ಷಿಣ ಆಫ್ರಿಕಾದ ಸತ್ಯ ಆಯೋಗ ಅಂದ್ರೆ ಜನ ಅದರ ಅಧ್ಯಕ್ಷ ಡೆಸ್ಮಂಡ್ ಟುಟು ಅವರ ಕಣ್ಣೀರು, ಅಲ್ಲಿ ಕ್ಷಮಿಸಿದ ತಾಯಂದಿರು ಇಷ್ಟನ್ನೇ ನೆನಪಿಟ್ಕೊಂಡಿದಾರೆ. ಆದ್ರೆ ವರ್ಣಭೇದದ ವಿರುದ್ಧ ಹೋರಾಡಿ ಪೊಲೀಸ್ ಕಸ್ಟಡಿಯಲ್ಲಿ ಸತ್ತ ಸ್ಟೀವ್ ಬಿಕೊ ಅವರ ಕುಟುಂಬ ಮತ್ತೆ ಇನ್ನೂ ಕೆಲವು ಕುಟುಂಬಗಳು ನಿಜ ಹೇಳಿದವರಿಗೆ ಶಿಕ್ಷೆ ಬಿಡೋ ಆಯೋಗದ ಕ್ಷಮಾದಾನದ ಅಧಿಕಾರವನ್ನೇ ಪ್ರಶ್ನೆ ಮಾಡಿ ಸಾಂವಿಧಾನಿಕ ಕೋರ್ಟಿಗೆ ಹೋಗಿದ್ವು, 1996ರಲ್ಲಿ ಸೋತ್ವು. ಅವರು ಶಾಂತಿಯ ವಿರೋಧಿಗಳಲ್ಲ. ಕೊಂದವರು ಕೋರ್ಟಲ್ಲಿ ನಿಲ್ಲಲಿ ಅಂದ್ರು ಅಷ್ಟೇ. ಕ್ಷಮಿಸದೇ ಇರೋರನ್ನ ದ್ವೇಷ ಹಿಡ್ಕೊಂಡಿದಾರೆ ಅಂತ ನೋಡೋದು ಅವರಿಗೆ ಎರಡನೇ ಸಲ ಮಾಡೋ ಅನ್ಯಾಯ. ಸೇಡು ತೀರಿಸಿಕೊಳ್ಳಬೇಡಿ ಅಂತ ಸಮಾಜ ಕೇಳಬಹುದು, ಅದಕ್ಕಿಂತ ಹೆಚ್ಚು ಕೇಳೋ ಹಕ್ಕಿಲ್ಲ.

ಹಳೇದೆಲ್ಲ ಮರೆತು ಮುಂದೆ ಹೋದ್ರೆ ಒಳ್ಳೇದಲ್ವಾ, ಗಾಯ ಯಾಕೆ ಕೆದಕಬೇಕು?

ಇದನ್ನ ಕೇಳೋರು ಕೆಟ್ಟ ಮನಸ್ಸಿಂದ ಕೇಳಲ್ಲ, ಅದಕ್ಕೇ ನೆಟ್ಟಗೆ ಉತ್ತರ ಕೊಡಬೇಕು. ಸ್ಪೇನ್ ಮರೆಯೋ ದಾರಿ ಹಿಡೀತು. ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿ ತೀರಿಕೊಂಡ, 1977ರಲ್ಲಿ ಎಲ್ಲ ಕಡೆಯವರಿಗೂ ಕ್ಷಮಾದಾನದ ಕಾನೂನು ಬಂತು, ಎಡ ಬಲ ಎರಡೂ ಪಕ್ಷಗಳು ಸೇರಿ ಹಳೇದನ್ನ ಎತ್ತೋದು ಬೇಡ ಅಂದ್ಕೊಂಡ್ವು, ಪ್ರಜಾಪ್ರಭುತ್ವ ಉಳೀತು. ಆದ್ರೆ 2000ದಿಂದ ಮೊಮ್ಮಕ್ಕಳು ಬಂದು ರಸ್ತೆ ಪಕ್ಕದ ಗುಂಡಿಗಳನ್ನ ಅಗೆಯೋಕೆ ಶುರು ಮಾಡಿದ್ರು, ಅಂತರ್ಯುದ್ಧದಲ್ಲಿ ಕೊಂದು ಹೂತ ತಾತಂದಿರ ಮೂಳೆಗಾಗಿ. 2019ರ ಅಕ್ಟೋಬರಲ್ಲಿ ಫ್ರಾಂಕೊ ಸಮಾಧಿಯನ್ನೇ ಅವನೇ ಕಟ್ಟಿಸಿದ್ದ ದೊಡ್ಡ ಸ್ಮಾರಕದಿಂದ ಎತ್ತಿ ಬೇರೆ ಕಡೆ ಸಾಗಿಸಿದ್ರು. ಅಂದ್ರೆ ಒಂದು ತಲೆಮಾರು ಬಾಯಿ ಮುಚ್ಚಿಕೊಂಡ್ರೆ ಪ್ರಶ್ನೆ ಸಾಯಲ್ಲ, ಮೊಮ್ಮಕ್ಕಳ ಬಾಯಲ್ಲಿ ಬರುತ್ತೆ.

ಮೊಜಾಂಬಿಕ್ ಬೇರೆ ಥರ. 1992ರ ರೋಮ್ ಒಪ್ಪಂದ ಆದ್ಮೇಲೆ ಅಲ್ಲಿ ಸತ್ಯ ಆಯೋಗಾನೂ ಇಲ್ಲ, ವಿಚಾರಣೇನೂ ಇಲ್ಲ, ಎಲ್ಲರಿಗೂ ಕ್ಷಮಾದಾನ. ಆದ್ರೆ ಜನ ಸುಮ್ಮನೆ ಕೂರಲಿಲ್ಲ, ಊರ ಹಿರಿಯರು ನಾಟಿ ವೈದ್ಯರು ಸೇರಿ ಯುದ್ಧದಿಂದ ಬಂದ ಹುಡುಗರಿಗೆ ಶುದ್ಧಿ ಮಾಡಿಸಿ ಮನೆಗೆ ಸೇರಿಸ್ಕೊಂಡ್ರು. ಸರ್ಕಾರ ಮರೀತು, ಊರು ಮರೀಲಿಲ್ಲ, ತನ್ನ ರೀತೀಲಿ ತೀರಿಸ್ತು. ಅದನ್ನ ನಾನು ಗೌರವಿಸ್ತೀನಿ. ಹಾಗಂತ ಮೇಲಿನ ಮಟ್ಟದಲ್ಲಿ ಬಗೆಹರೀಲಿಲ್ಲ, 2013ರಲ್ಲಿ ಅದೇ ಎರಡು ಕಡೆಯವರ, ಅಂದ್ರೆ ಸರ್ಕಾರ ಮತ್ತೆ ರೆನಾಮೊ ಬಂಡುಕೋರರ ನಡುವೆ ಮತ್ತೆ ಗುಂಡು ಹಾರಿತು, 2019ರಲ್ಲಿ ಹೊಸ ಒಪ್ಪಂದ ಮಾಡಬೇಕಾಯ್ತು.

### ಸತ್ಯ, ಶಿಕ್ಷೆ, ಪರಿಹಾರ

ಸತ್ಯ ಆಯೋಗ ಅಂದ್ರೆ ಕೋರ್ಟಾ? ಅದು ಯಾರನ್ನಾದ್ರೂ ಜೈಲಿಗೆ ಹಾಕುತ್ತಾ?

ಕೋರ್ಟಲ್ಲ. ಕೋರ್ಟು ಒಬ್ಬ ಆರೋಪಿ ಮೇಲೆ ಒಂದು ಅಪರಾಧ ಸಾಬೀತಾಗುತ್ತಾ ಅಂತ ನೋಡುತ್ತೆ, ಆಯೋಗ ಇಷ್ಟು ವರ್ಷ ಈ ದೇಶದಲ್ಲಿ ಏನಾಯ್ತು, ಯಾರ ಆದೇಶ, ಯಾವ ಪದ್ಧತಿ ಅಂತ ಒಟ್ಟು ಚಿತ್ರ ಬರೆಯುತ್ತೆ, ವರದಿ ಕೊಟ್ಟು ಮುಚ್ಚುತ್ತೆ. ಅರ್ಜೆಂಟೀನಾದಲ್ಲಿ 1983ರ ಕೊನೇಲಿ ನೇಮಕವಾದ ಆಯೋಗ ಒಂದು ವರ್ಷದೊಳಗೆ 8,960 ಜನ ನಾಪತ್ತೆ ಆಗಿದ್ದನ್ನ ದಾಖಲೆ ಮಾಡ್ತು. ಆ ದಾಖಲೆ ಇತ್ತು ಅಂತಲೇ 1985ರಲ್ಲಿ ಮಿಲಿಟರಿ ನಾಯಕರನ್ನ ಕೋರ್ಟಲ್ಲಿ ನಿಲ್ಲಿಸೋಕೆ ಬಲ ಬಂತು. ವರದಿಯಿಂದ ಆಗೋ ದೊಡ್ಡ ಉಪಕಾರ ಅಂದ್ರೆ ಆಮೇಲೆ ಯಾರೂ 'ಹಾಗೇನೂ ಆಗಿಲ್ಲ' ಅಂತ ಸುಲಭವಾಗಿ ಹೇಳೋಕಾಗಲ್ಲ.

ಕೊಲೆ ಮಾಡಿದವನು ನಿಜ ಹೇಳಿಬಿಟ್ರೆ ಬಿಟ್ಟುಬಿಡೋದು ಯಾವ ನ್ಯಾಯ?

ದಕ್ಷಿಣ ಆಫ್ರಿಕಾ ಇದನ್ನ ಮಾಡಿದ್ದು, ಆದ್ರೆ ಎಲ್ಲರನ್ನೂ ಬಿಟ್ರು ಅನ್ನೋದು ತಪ್ಪು ತಿಳುವಳಿಕೆ. ಒಬ್ಬೊಬ್ಬರೇ ಅರ್ಜಿ ಹಾಕಬೇಕು, ಕೃತ್ಯ ರಾಜಕೀಯ ಕಾರಣಕ್ಕೆ ಮಾಡಿದ್ದಾಗಿರಬೇಕು, ಪೂರ್ತಿ ಹೇಳಬೇಕು, ಅದೂ ಬಹಿರಂಗವಾಗಿ. 7,112 ಅರ್ಜಿ ಬಂದ್ವು, ಕ್ಷಮಾದಾನ ಸಿಕ್ಕಿದ್ದು 849ಕ್ಕೆ. ಅರ್ಜಿ ಹಾಕದವರ ಮೇಲೆ, ತಿರಸ್ಕಾರ ಆದವರ ಮೇಲೆ ಕೇಸು ನಡೀಬೇಕು ಅನ್ನೋದು ಆ ವ್ಯವಸ್ಥೆಯ ಇನ್ನರ್ಧ. ಆಯೋಗ ಮುನ್ನೂರು ಚಿಲ್ಲರೆ ಫೈಲುಗಳನ್ನ ಪ್ರಾಸಿಕ್ಯೂಷನ್‌ಗೆ ಕೊಟ್ಟಿತ್ತು, ಕೋರ್ಟಿಗೆ ಹೋಗಿದ್ದು ಬೆರಳೆಣಿಕೆಯಷ್ಟು. 2025ರಲ್ಲಿ, ಅಂದ್ರೆ ಆಗಿನ ಸಾಕ್ಷಿಗಳು ಆರೋಪಿಗಳು ಬಹಳ ಜನ ಸತ್ತೇ ಹೋದ ಮೇಲೆ, ಆ ಕೇಸುಗಳು ಯಾಕೆ ನಿಂತ್ವು ಅಂತ ನೋಡೋಕೆ ಅಧ್ಯಕ್ಷ ರಾಮಫೋಸ ವಿಚಾರಣಾ ಆಯೋಗ ನೇಮಿಸಿದ್ರು.

ನನ್ನ ಅಭಿಪ್ರಾಯ ಕೇಳಿದ್ರೆ ಆ ಯೋಜನೆ ಅನ್ಯಾಯದ್ದಲ್ಲ, ಮಾತು ಅರ್ಧಕ್ಕೆ ಬಿಟ್ಟಿದ್ದು ಅನ್ಯಾಯ. ನೊಂದವರು ತಮ್ಮ ಪಾಲಿನ ತ್ಯಾಗ ಮಾಡಿದ್ರು, ಸರ್ಕಾರ ತನ್ನ ಪಾಲಿನದು ಮಾಡಲಿಲ್ಲ.

ಲಕ್ಷಗಟ್ಟಲೆ ಜನ ಕೊಲೆಯಲ್ಲಿ ಕೈಜೋಡಿಸಿದ್ರೆ ಅವರನ್ನೆಲ್ಲ ಎಲ್ಲಿಡೋದು?

ರುವಾಂಡಾಗೆ ಬಂದಿದ್ದು ಇದೇ ಕಷ್ಟ. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನದಲ್ಲಿ ಬಹುಸಂಖ್ಯಾತ ಹುಟು ಸಮುದಾಯದ ಉಗ್ರರು ಲಕ್ಷಾಂತರ ಅಲ್ಪಸಂಖ್ಯಾತ ಟುಟ್ಸಿಗಳನ್ನ, ಅದನ್ನ ವಿರೋಧಿಸಿದ ಹುಟುಗಳನ್ನೂ ಕೊಂದ್ರು, ಸಾಮಾನ್ಯವಾಗಿ ಹೇಳೋ ಅಂದಾಜು 8 ಲಕ್ಷ. ಕೊಂದವರಲ್ಲಿ ಪಕ್ಕದ ಮನೆಯವರು, ಮೇಷ್ಟ್ರು, ಕೆಲವು ಕಡೆ ನೆಂಟರೇ ಇದ್ರು. ಆ ದಶಕದ ಕೊನೇಲಿ ಜೈಲಲ್ಲಿ ವಿಚಾರಣೆಗೆ ಕಾಯ್ತಾ ಇದ್ದವರು 1 ಲಕ್ಷ 20 ಸಾವಿರದಷ್ಟು. ಮಾಮೂಲಿ ಕೋರ್ಟಲ್ಲಿ ಮುಗಿಸೋಕೆ ನೂರು ವರ್ಷ ಬೇಕಿತ್ತು. ಅದಕ್ಕೇ ಊರ ಹುಲ್ಲಿನ ಮೇಲೆ ಕೂತು ಜಗಳ ಬಗೆಹರಿಸೋ ಹಳೇ ಪದ್ಧತಿ ಗಚಾಚಾವನ್ನ ಕಾನೂನಿನ ಚೌಕಟ್ಟಿಗೆ ತಂದ್ರು. ಊರವರೇ ಆರಿಸಿದ ನ್ಯಾಯಾಧೀಶರು, ವಕೀಲರಿಲ್ಲ, ತಪ್ಪೊಪ್ಪಿಕೊಂಡ್ರೆ ಶಿಕ್ಷೆ ಕಮ್ಮಿ, ಅದರಲ್ಲೂ ಒಂದು ಭಾಗ ಊರಿನ ಕೆಲಸ. 2012ರಲ್ಲಿ ಮುಚ್ಚೋ ಹೊತ್ತಿಗೆ ಇಂಥ 12,000 ಕೋರ್ಟುಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಕೇಸು ಮುಗಿದಿದ್ವು. ಹೋಲಿಕೆಗೆ ಹೇಳ್ತೀನಿ, ಪಕ್ಕದ ಟಾಂಜಾನಿಯಾದ ಅರೂಶಾದಲ್ಲಿದ್ದ ವಿಶ್ವಸಂಸ್ಥೆಯ ನ್ಯಾಯಮಂಡಳಿ ಆರೋಪ ಹೊರಿಸಿದ್ದು 93 ಜನರ ಮೇಲೆ. ಅದು ದೊಡ್ಡ ತಲೆಗಳನ್ನ ಹಿಡೀತು, ಅದೂ ಬೇಕಿತ್ತು.

ಗಚಾಚಾ ಒಳ್ಳೇದಾ ಕೆಟ್ಟದ್ದಾ? ಎಷ್ಟೋ ಜನಕ್ಕೆ ತಮ್ಮವರ ಹೆಣ ಯಾವ ಗುಂಡೀಲಿದೆ ಅಂತ ಗೊತ್ತಾಗಿದ್ದೇ ಅಲ್ಲಿ. ಅದೇ ಸಮಯಕ್ಕೆ ಸುಳ್ಳು ದೂರು, ಸಾಕ್ಷಿಗಳಿಗೆ ಬೆದರಿಕೆ ಇವೂ ಇದ್ವು, ಮತ್ತೆ ಗೆದ್ದು ಅಧಿಕಾರಕ್ಕೆ ಬಂದ ಟುಟ್ಸಿ ನೇತೃತ್ವದ ಕಡೆಯ ಸೈನಿಕರು ಮಾಡಿದ ಕೊಲೆಗಳು ಅದರ ವ್ಯಾಪ್ತಿಗೇ ಬರಲಿಲ್ಲ. ತಮ್ಮವರ ಸಾವು ಲೆಕ್ಕಕ್ಕಿಲ್ಲ ಅಂತ ಒಂದು ಕಡೆಯವರಿಗೆ ಅನ್ನಿಸಿದ್ರೆ ಆ ನೋವು ಒಳಗೇ ಬೇಯ್ತಾ ಇರುತ್ತೆ.

ನಾಪತ್ತೆ ಆದವರನ್ನ ಇಷ್ಟು ವರ್ಷ ಬಿಟ್ಟು ಹುಡುಕಿ ಏನು ಪ್ರಯೋಜನ, ಹೇಗೂ ಸತ್ತಿರ್ತಾರೆ ಅಲ್ವಾ?

ಸತ್ತಿರ್ತಾರೆ ಅನ್ನೋದು ನಮಗೆ ಗೊತ್ತು, ತಾಯಿಗೆ ಗೊತ್ತಿಲ್ಲ. ಬಾಗಿಲು ಬಡಿದ ಸದ್ದಾದ್ರೆ ಎದ್ದು ನೋಡ್ತಾಳೆ. ಹೆಣ ಇಲ್ಲದೆ ಕರ್ಮ ಮಾಡೋಕಾಗಲ್ಲ, ಹೆಂಡತಿ ವಿಧವೆಯೂ ಅಲ್ಲ, ಆಸ್ತಿ ಪತ್ರ ಪೆನ್ಷನ್ ಯಾವುದೂ ಮುಂದಕ್ಕೆ ಹೋಗಲ್ಲ. ನನಗೆ ಕೇಳಿದ್ರೆ ಶಾಂತಿ ಕಟ್ಟೋ ಕೆಲಸದಲ್ಲಿ ಮೊದಲು ತೀರಿಸಬೇಕಾದ ಸಾಲ ಇದೇ, ಉಳಿದದ್ದೆಲ್ಲ ಆಮೇಲೆ.

ಬೋಸ್ನಿಯಾದಲ್ಲಿ ಇದು ಎಷ್ಟು ಕಷ್ಟ ಆಯ್ತು ಅಂದ್ರೆ, 1995ರ ಜುಲೈನಲ್ಲಿ ಸ್ರೆಬ್ರೆನಿಸಾ ಊರಲ್ಲಿ ಸರ್ಬ್ ಸೈನಿಕರು 8,000ದಷ್ಟು ಮುಸ್ಲಿಂ ಗಂಡಸರು, ಹುಡುಗರನ್ನ ಕೊಂದು ಹೂತ್ರು, ಆಮೇಲೆ ಸಾಕ್ಷಿ ಮುಚ್ಚೋಕೆ ಆ ಗುಂಡಿಗಳನ್ನ ಯಂತ್ರದಿಂದ ಅಗೆದು ಬೇರೆ ಕಡೆ ಸಾಗಿಸಿ ಮತ್ತೆ ಹೂತ್ರು. ಹಾಗಾಗಿ ಒಬ್ಬನೇ ಮನುಷ್ಯನ ಮೂಳೆ ಬೇರೆ ಬೇರೆ ಗುಂಡಿಗಳಲ್ಲಿ ಸಿಗ್ತಾವೆ. ಸಂಬಂಧಿಕರ ರಕ್ತ ತಗೊಂಡು ಡಿಎನ್ಎ ಹೊಂದಿಸಿ ಗುರುತು ಹಿಡಿಯೋ ಕೆಲಸ ಇಪ್ಪತ್ತು ವರ್ಷದ ಮೇಲಾದ್ರೂ ನಡೀತಾ ಇದೆ. ಸಿಕ್ಕಿದ್ದು ಒಂದೆರಡು ಮೂಳೆ ಮಾತ್ರ ಆದ್ರೆ ಈಗಲೇ ಹೂಳೋದಾ, ಇನ್ನಷ್ಟು ಸಿಗೋ ತನಕ ಕಾಯೋದಾ ಅಂತ ಮನೆಯವರೇ ತೀರ್ಮಾನ ಮಾಡಬೇಕು. ಪ್ರತಿ ವರ್ಷ ಜುಲೈ 11ಕ್ಕೆ ಪೊಟೊಚಾರಿಯಲ್ಲಿ ಆ ವರ್ಷ ಗುರುತು ಸಿಕ್ಕವರನ್ನ ಮಣ್ಣು ಮಾಡ್ತಾರೆ.

ಕ್ಯಾಥೊಲಿಕ್ ಪ್ರಾಟೆಸ್ಟೆಂಟ್ ಸಮುದಾಯಗಳ ನಡುವಿನ ಹಿಂಸೆ ಕಂಡ ಉತ್ತರ ಐರ್ಲೆಂಡಲ್ಲಿ ಬೇರೆ ಉಪಾಯ ಮಾಡಿದ್ರು. ಸಶಸ್ತ್ರ ಗುಂಪುಗಳು ಕೊಂದು ಗುಟ್ಟಾಗಿ ಹೂತವರನ್ನ ಹುಡುಕೋಕೆ 1999ರಲ್ಲಿ ಒಂದು ಆಯೋಗ ಮಾಡಿ, ಇಲ್ಲಿ ಕೊಟ್ಟ ಮಾಹಿತೀನ ಕೋರ್ಟಲ್ಲಿ ಸಾಕ್ಷಿಯಾಗಿ ಬಳಸೋ ಹಾಗಿಲ್ಲ ಅಂತ ಕಾನೂನು ಮಾಡಿದ್ರು. ಪಟ್ಟಿಯಲ್ಲಿದ್ದ ಹೆಚ್ಚಿನವರ ಅವಶೇಷ ಸಿಕ್ಕಿದೆ. ಶಿಕ್ಷೆ ಬಿಟ್ಟುಕೊಟ್ಟು ಮೂಳೆ ಪಡೆಯೋದು ಸರೀನಾ? ಆ ಮನೆಯವರಲ್ಲಿ ಬಹಳ ಜನ ಸರಿ ಅಂದ್ರು, ಅವರು ಅಂದ ಮೇಲೆ ನಾವು ದೂರದಲ್ಲಿ ಕೂತವರು ಬೇರೆ ಹೇಳೋಕೆ ಯಾರು.

ಪರಿಹಾರದ ದುಡ್ಡು ಕೊಟ್ರೆ ಮುಗೀತಲ್ವಾ?

ದುಡ್ಡು ಬೇಕು, ದುಡಿಯೋ ಕೈ ಹೋದ ಮನೆಗೆ ಅದು ಸಣ್ಣ ಮಾತಲ್ಲ. ಆದ್ರೆ ಸತ್ಯ ಹೇಳದೆ ದುಡ್ಡು ಮಾತ್ರ ಕೊಟ್ರೆ ಬಾಯಿ ಮುಚ್ಚಿಸೋಕೆ ಕೊಟ್ಟ ಹಾಗೆ ಕಾಣುತ್ತೆ, ಅರ್ಜೆಂಟೀನಾದಲ್ಲಿ ನಾಪತ್ತೆ ಆದವರ ತಾಯಂದಿರಲ್ಲಿ ಒಂದು ಗುಂಪು ಇದೇ ಕಾರಣಕ್ಕೆ ತಗೊಳಲ್ಲ ಅಂದ್ರು. ಉಲ್ಟಾನೂ ಆಗುತ್ತೆ. ದಕ್ಷಿಣ ಆಫ್ರಿಕಾದಲ್ಲಿ ಆರು ವರ್ಷ ಪ್ರತಿ ವರ್ಷ ಇಷ್ಟು ಅಂತ ಕೊಡಿ ಅಂತ ಆಯೋಗ ಶಿಫಾರಸು ಮಾಡಿತ್ತು, ಸರ್ಕಾರ 2003ರಲ್ಲಿ ಒಂದೇ ಸಲ 30,000 ರ‍್ಯಾಂಡ್ ಅಂತ ತೀರ್ಮಾನ ಮಾಡ್ತು. ಸತ್ಯ ಕೇಳಿಸ್ಕೊಂಡು ಕೈ ತೊಳ್ಕೊಂಡ ಹಾಗೆ.

### ಊರು, ಬೀದಿ, ಶಾಲೆ

ಬಂದೂಕು ಹಿಡಿದವರು ವಾಪಸ್ ಊರಿಗೆ ಬಂದ್ರೆ ಜನ ಸೇರಿಸ್ಕೋತಾರಾ?

ಸುಮ್ಮನೆ ಬಂದ್ರೆ ಕಷ್ಟ. ಪೂರ್ವ ತಿಮೋರ್‌ನಲ್ಲಿ ಒಂದು ಚೆನ್ನಾದ ದಾರಿ ಇತ್ತು. 1999ರಲ್ಲಿ ಸ್ವಾತಂತ್ರ್ಯದ ಮತದಾನದ ಹೊತ್ತಿನ ಹಿಂಸೆಯಲ್ಲಿ ಮನೆ ಸುಟ್ಟವರು, ಲೂಟಿ ಮಾಡಿದವರು, ಹೊಡೆದವರು ತಪ್ಪೊಪ್ಪಿಗೆ ಬರೆದುಕೊಡಬೇಕು, ಸರ್ಕಾರಿ ವಕೀಲರು ಅದನ್ನ ನೋಡಿ ಕೊಲೆ ಅತ್ಯಾಚಾರದಂಥದ್ದಿದ್ರೆ ಅದನ್ನ ಬೇರೆ ತೆಗೆದು ಕೋರ್ಟಿಗೆ ಕಳಿಸ್ತಾರೆ, ಉಳಿದವಕ್ಕೆ ಊರ ಮಧ್ಯೆ ಚಾಪೆ ಹಾಸಿ ಎಲ್ಲರ ಎದುರು ಕೂರಿಸ್ತಾರೆ. ಬೈಗುಳ, ಅಳು, ಪ್ರಶ್ನೆ ಎಲ್ಲ ಆಗುತ್ತೆ, ಕೊನೆಗೆ ಊರೇ ಹೇಳುತ್ತೆ ನೀನು ಶಾಲೆ ರಿಪೇರಿ ಮಾಡು, ಕ್ಷಮೆ ಕೇಳು ಅಂತ. 1,300ಕ್ಕೂ ಹೆಚ್ಚು ಜನ ಹೀಗೆ ವಾಪಸಾದ್ರು.

ನೇಪಾಳದ್ದು ಬೇರೆ ಕತೆ. 2006ರ ಒಪ್ಪಂದದ ನಂತರ ವಿಶ್ವಸಂಸ್ಥೆ ಪರಿಶೀಲನೆ ಮಾಡಿ 19,602 ಮಾವೋವಾದಿ ಯೋಧರನ್ನ ಒಪ್ಪಿಕೊಂಡ್ತು, ಅವರಲ್ಲಿ ಬಹುತೇಕರು ಕೊನೆಗೆ ದುಡ್ಡು ತಗೊಂಡು ಮನೆಗೆ ಹೋದ್ರು, ಸೇನೆಗೆ ಸೇರಿದ್ದು ಸುಮಾರು 1,400 ಜನ. ಆದ್ರೆ ನನ್ನ ಮನಸ್ಸಲ್ಲಿ ಕೂತಿರೋದು ಉಳಿದ 4,008 ಜನ. ಹೆಚ್ಚಿನವರು ಯುದ್ಧಕ್ಕೆ ಸೇರಿದಾಗ ಇನ್ನೂ ಮಕ್ಕಳು, ಅವರಿಗೆ ಸಿಕ್ಕ ಹಣೆಪಟ್ಟಿ 'ಅಯೋಗ್ಯ', ಅಂದ್ರೆ ಅನರ್ಹರು. ಬಾಲ್ಯ ಹೋಯ್ತು, ಸೇನೇನೂ ಇಲ್ಲ, ಊರಿಗೆ ಈ ಹೆಸರು ಹೊತ್ಕೊಂಡು ಹೋಗ್ಬೇಕು. ಒಂದು ಆಫೀಸಿನ ಪದ ಎಷ್ಟು ಜನರ ಬದುಕಿಗೆ ಮುಳ್ಳಾಯ್ತು ನೋಡಿ.

ಕೊಲಂಬಿಯಾದಲ್ಲಿ ಬಂದೂಕು ಕೆಳಗಿಟ್ಟ ಫಾರ್ಕ್ ಅನ್ನೋ ಬಂಡುಕೋರ ಗುಂಪಿನ ಸದಸ್ಯರಲ್ಲಿ 400ಕ್ಕೂ ಹೆಚ್ಚು ಜನರನ್ನ 2016ರ ಒಪ್ಪಂದದ ನಂತರ ಕೊಂದಿದಾರೆ. ಮಾತು ಕೊಟ್ಟ ಸರ್ಕಾರ ಜೀವ ಕಾಪಾಡದಿದ್ರೆ ಮುಂದಿನ ಗುಂಪು ಯಾಕೆ ಬಂದೂಕು ಬಿಡುತ್ತೆ?

ಎರಡೂ ಕಡೆಯವರನ್ನ ಒಟ್ಟಿಗೆ ಆಟ ಆಡಿಸಿದ್ರೆ, ಕ್ಯಾಂಪ್ ಮಾಡಿದ್ರೆ ಸರಿಹೋಗಲ್ವಾ?

ಸ್ವಲ್ಪ ಮಟ್ಟಿಗೆ ಹೌದು. ಇರಾಕ್‌ನಲ್ಲಿ ಐಸಿಸ್ ದಾಳಿಯಿಂದ ಓಡಿಬಂದ ಕ್ರೈಸ್ತರ ಫುಟ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನ ಸೇರಿಸಿ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟ ಆಯ್ತು. ಮಿಶ್ರ ತಂಡದಲ್ಲಿ ಆಡಿದವರು ಬೇರೆ ತಂಡದ ಮುಸ್ಲಿಂ ಆಟಗಾರನಿಗೂ ಪ್ರಶಸ್ತಿಗೆ ವೋಟು ಹಾಕಿದ್ರು, ಆರು ತಿಂಗಳಾದ್ಮೇಲೂ ಒಟ್ಟಿಗೆ ಪ್ರಾಕ್ಟೀಸ್ ಮಾಡ್ತಿದ್ರು. ಆದ್ರೆ ಮೈದಾನದ ಹೊರಗೆ, ಗುರುತಿಲ್ಲದ ಮುಸ್ಲಿಮರ ಜೊತೆ ಬೆರೆಯೋದರಲ್ಲಿ ಹೇಳಿಕೊಳ್ಳೋ ಬದಲಾವಣೆ ಕಾಣಲಿಲ್ಲ. ಒಬ್ಬ ಗೆಳೆಯ ಸಿಕ್ಕಿದ ಅಂತ ಇಡೀ ಸಮುದಾಯದ ಭಯ ಹೋಗಲ್ಲ. ಜಮೀನು ಯಾರದು, ಪೊಲೀಸ್ ಯಾರ ಕಡೆ ಅನ್ನೋದು ಬದಲಾಗದೆ ಆಟ ಮಾತ್ರ ಆಡಿಸಿದ್ರೆ ಸಂಜೆ ಮನೆಗೆ ಹೋದ ಕೂಡ್ಲೇ ಎಲ್ಲ ಮೊದಲಿನ ಹಾಗೇ.

ಮನಸ್ಸಲ್ಲಿರೋದನ್ನ ಎಲ್ಲರೆದುರು ಹೇಳ್ಕೊಂಡ್ರೆ ಹಗುರ ಆಗುತ್ತೆ ಅಂತಾರಲ್ಲ, ನಿಜಾನಾ?

ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಸಿಯೆರಾ ಲಿಯೋನ್‌ನಲ್ಲಿ ಊರ ಮಧ್ಯೆ ಬೆಂಕಿ ಹಾಕಿ ಸುತ್ತ ಕೂತು ನೊಂದವರೂ ನೋಯಿಸಿದವರೂ ಮಾತಾಡೋ ಸಭೆಗಳನ್ನ ಫಾಂಬುಲ್ ಟೋಕ್ ಅನ್ನೋ ಸಂಸ್ಥೆ ನಡೆಸುತ್ತೆ. 200 ಹಳ್ಳಿಗಳಲ್ಲಿ ಇದರ ಪರಿಣಾಮ ಅಳೆದ ಅಧ್ಯಯನ 2016ರಲ್ಲಿ ಬಂತು. ಸಭೆ ನಡೆದ ಹಳ್ಳಿಗಳಲ್ಲಿ ಕ್ಷಮಿಸಿದವರು ಹೆಚ್ಚು, ಒಬ್ಬರಿಗೊಬ್ಬರು ಸಹಾಯ ಮಾಡೋದು ಹೆಚ್ಚು, ಊರಿನ ಕೆಲಸಕ್ಕೆ ಕೈ ಹಾಕೋದು ಹೆಚ್ಚು. ಅದೇ ಹಳ್ಳಿಗಳಲ್ಲಿ ಖಿನ್ನತೆ, ಆತಂಕ, ಹಳೇ ಆಘಾತದ ಲಕ್ಷಣಗಳೂ ಹೆಚ್ಚು. ಊರಿಗೆ ಒಳ್ಳೇದಾಯ್ತು, ಮಾತಾಡಿದ ಜೀವಗಳು ಬೆಲೆ ತೆತ್ವು. ಅದಕ್ಕೇ ಹೇಳೋದು, ಒಂದು ರಾತ್ರಿ ಮಾತಾಡಿಸಿ ಜೀಪು ಹತ್ತಿ ಹೋಗೋ ಹಾಗಿಲ್ಲ, ಆಮೇಲೆ ತಿಂಗಳುಗಟ್ಟಲೆ ಜೊತೆಗಿರೋರು ಬೇಕು. ಮತ್ತೆ ಮಾತಾಡಲ್ಲ ಅನ್ನೋರನ್ನ ಒತ್ತಾಯ ಮಾಡಬಾರದು.

ಮಕ್ಕಳಿಗೆ ಆ ಇತಿಹಾಸ ಹೇಗೆ ಕಲಿಸೋದು?

ಸುಲಭದ ಉತ್ತರ ಇಲ್ಲ. ಬೋಸ್ನಿಯಾದ ಕೆಲವು ಊರಲ್ಲಿ ಒಂದೇ ಕಟ್ಟಡದಲ್ಲಿ ಎರಡು ಶಾಲೆ, ಬೋಸ್ನಿಯಾಕ್ (ಅಲ್ಲಿನ ಮುಸ್ಲಿಂ) ಮಕ್ಕಳಿಗೆ ಒಂದು ಕ್ರೊಯೇಟ್ ಮಕ್ಕಳಿಗೆ ಒಂದು, ಪಾಠ ಬೇರೆ, ಇತಿಹಾಸ ಬೇರೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಲ್ಲಿ 1981ರಲ್ಲೇ, ಬಾಂಬು ಸಿಡೀತಿದ್ದ ಕಾಲದಲ್ಲೇ, ಕೆಲವು ಪೋಷಕರು ಸೇರಿ ಕ್ಯಾಥೊಲಿಕ್ ಪ್ರಾಟೆಸ್ಟೆಂಟ್ ಮಕ್ಕಳು ಒಟ್ಟಿಗೆ ಓದೋ ಶಾಲೆ ಶುರು ಮಾಡಿದ್ರು, 28 ಮಕ್ಕಳಿಂದ. ಇವತ್ತಿಗೂ ಅಂಥ ಶಾಲೆಗಳಲ್ಲಿ ಓದೋರು ಹತ್ತಕ್ಕೆ ಒಬ್ಬರಿಗಿಂತ ಕಮ್ಮಿ. ಬೇಜಾರಾಗುತ್ತೆ, ಆದ್ರೂ ಆ ಪೋಷಕರ ಧೈರ್ಯ ದೊಡ್ಡದು.

### ಇನ್ನಷ್ಟು ಆಳಕ್ಕೆ

ಸಹಿ ಹಾಕಿದ ಮೇಲೂ ಮತ್ತೆ ಯುದ್ಧ ಯಾಕೆ ಶುರುವಾಗುತ್ತೆ?

ಸೋತವನಿಗೆ ಉಳಿಯೋ ಜಾಗ ಇಲ್ಲದಿದ್ರೆ, ಮತ್ತೆ ಅವನ ಕೈಯಲ್ಲಿ ಬಂದೂಕು ಇನ್ನೂ ಇದ್ರೆ. ಅಂಗೋಲಾದಲ್ಲಿ 1991ರಲ್ಲಿ ಒಪ್ಪಂದ ಆಗಿ 1992ರಲ್ಲಿ ಚುನಾವಣೆ ಆಯ್ತು, ಎರಡೂ ಸೇನೆ ಇನ್ನೂ ಪೂರ್ತಿ ಕರಗಿರಲಿಲ್ಲ, ಗೆದ್ದವನಿಗೇ ಎಲ್ಲ ಅನ್ನೋ ಲೆಕ್ಕ, ಬಂಡುಕೋರ ನಾಯಕ ಸಾವಿಂಬಿ ಫಲಿತಾಂಶ ಒಪ್ಪದೆ ವಾಪಸ್ ಯುದ್ಧಕ್ಕೆ ಹೋದ, ಅದು ಅವನು ಸಾಯೋ 2002ರ ತನಕ ನಡೀತು, ವಜ್ರದ ದುಡ್ಡು ಬರ್ತಾನೇ ಇತ್ತಲ್ಲ. ಉತ್ತರ ಐರ್ಲೆಂಡಲ್ಲಿ 1998ರ ಏಪ್ರಿಲ್ ಒಪ್ಪಂದದಲ್ಲಿ ಅಧಿಕಾರ ಹಂಚಿಕೊಳ್ಳಲೇಬೇಕು ಅಂತ ಇತ್ತು. ಅದಾಗಿ ನಾಲ್ಕೇ ತಿಂಗಳಿಗೆ ಓಮಾದಲ್ಲಿ ಬಾಂಬ್ ಸಿಡಿದು 29 ಜನ ಸತ್ರು, ಆದ್ರೂ ಒಪ್ಪಂದ ಮುರೀಲಿಲ್ಲ, ಎರಡೂ ಕಡೆಯ ನಾಯಕರು ಅದನ್ನ ಖಂಡಿಸಿ ಒಟ್ಟಿಗೆ ನಿಂತ್ರು. ಒಪ್ಪಂದ ಕೆಡಿಸೋರು ಎಲ್ಲ ಕಡೆ ಇರ್ತಾರೆ. ಅವರು ಹೊಡೆದ ದಿನ ಉಳಿದವರು ಏನು ಮಾಡ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿರುತ್ತೆ.

ಮಾತುಕತೆಗೆ ಹೆಂಗಸರನ್ನ ಕೂರಿಸೋದು ಫೋಟೋಗೆ ಅಲ್ವಾ?

ಫೋಟೋಗೆ ಕೂರಿಸೋರೂ ಇದಾರೆ. ಲೈಬೀರಿಯಾದಲ್ಲಿ 2003ರಲ್ಲಿ ಲೇಮಾ ಬೋವಿ ಮತ್ತೆ ಅವರ ಜೊತೆಯ ಕ್ರೈಸ್ತ, ಮುಸ್ಲಿಂ ಹೆಂಗಸರು ಯುದ್ಧ ನಿಲ್ಲಿಸಿ ಅಂತ ಬಿಳಿ ಬಟ್ಟೆ ಹಾಕ್ಕೊಂಡು ವಾರಗಟ್ಟಲೆ ಬಿಸಿಲಲ್ಲಿ ಮಳೇಲಿ ಕೂತ್ರು, ಆಮೇಲೆ ಘಾನಾದಲ್ಲಿ ಮಾತುಕತೆ ಎಳೀತಾ ಹೋದಾಗ ಸಭಾಂಗಣದ ಬಾಗಿಲಿಗೇ ಅಡ್ಡ ಕೂತು ಒಪ್ಪಂದ ಆಗೋ ತನಕ ಬಿಡಲ್ಲ ಅಂದ್ರು. ಆ ಆಗಸ್ಟಲ್ಲಿ ಸಹಿ ಬಿತ್ತು. ಉತ್ತರ ಐರ್ಲೆಂಡ್ ಒಪ್ಪಂದದಲ್ಲಿ ನೊಂದವರ ಬಗ್ಗೆ, ಮಿಶ್ರ ಶಾಲೆಗಳ ಬಗ್ಗೆ ಮಾತು ಸೇರಿದ್ದರಲ್ಲಿ ಅಲ್ಲಿನ ಮಹಿಳಾ ಒಕ್ಕೂಟದ ಪಾಲು ದೊಡ್ಡದು. ಬಂದೂಕು ಹಿಡಿದವರು ಮಾತ್ರ ಕೂತ್ರೆ ಬಂದೂಕಿನ ವಿಷಯ ಮಾತ್ರ ಮಾತಾಡ್ತಾರೆ.

ಒಪ್ಪಂದವನ್ನ ಜನರ ವೋಟಿಗೆ ಹಾಕಬೇಕಾ?

ಹಾಕಿದ್ರೆ ಬಲ ಬರುತ್ತೆ, ಸೋತ್ರೆ ದೊಡ್ಡ ಪೆಟ್ಟು. ಉತ್ತರ ಐರ್ಲೆಂಡಲ್ಲಿ 1998ರ ಮೇನಲ್ಲಿ 71.1 ಪರ್ಸೆಂಟ್ ಜನ ಹೌದು ಅಂದ್ರು. ಕೊಲಂಬಿಯಾದಲ್ಲಿ ಫಾರ್ಕ್ ಜೊತೆಗಿನ ಒಪ್ಪಂದಕ್ಕೆ 2016ರ ಅಕ್ಟೋಬರ್ 2ಕ್ಕೆ 50.2 ಪರ್ಸೆಂಟ್ ಬೇಡ ಅಂದ್ರು, ವೋಟು ಹಾಕಿದ್ದೇ ನೂರಕ್ಕೆ 37ರಷ್ಟು. ನನಗೆ ಮರೆಯೋಕಾಗದ್ದು ಆ ದೇಶದ ಬೊಹಾಯಾ ಅನ್ನೋ ಊರು. 2002ರಲ್ಲಿ ಅಲ್ಲಿನ ಚರ್ಚಲ್ಲಿ ಅಡಗಿದ್ದ ಜನರ ಮೇಲೆ ಫಾರ್ಕ್ ಸಿಡಿಸಿದ ಬಾಂಬ್ ಬಿದ್ದು ಹತ್ತಾರು ಜನ ಸತ್ತಿದ್ರು, ಮಕ್ಕಳೇ ಹೆಚ್ಚು. ಅದೇ ಊರು ಸುಮಾರು 96 ಪರ್ಸೆಂಟ್ ಹೌದು ಅಂತು. ತಿದ್ದಿದ ಒಪ್ಪಂದಕ್ಕೆ ನವೆಂಬರಲ್ಲಿ ಸಂಸತ್ತಿನ ಮೂಲಕ ಒಪ್ಪಿಗೆ ಪಡೆದ್ರು. ಯುದ್ಧ ಸುಟ್ಟ ಊರಿನ ವೋಟೂ ಯುದ್ಧವನ್ನ ಟಿವಿಯಲ್ಲಿ ನೋಡಿದ ಊರಿನ ವೋಟೂ ಲೆಕ್ಕದಲ್ಲಿ ಒಂದೇ, ಅದು ಪ್ರಜಾಪ್ರಭುತ್ವ, ಒಪ್ಪಲೇಬೇಕು, ಆದ್ರೂ ಮನಸ್ಸು ಕಲಕುತ್ತೆ.

ಮರುಬೆಸುಗೆ ಆಯ್ತು ಅಂತ ಯಾವಾಗ ಗೊತ್ತಾಗುತ್ತೆ?

ದೊಡ್ಡ ಸಂಸ್ಥೆಗಳ ಪಟ್ಟಿಯಲ್ಲಿ ಎಷ್ಟು ಬಂದೂಕು ವಾಪಸ್ ಬಂತು, ಎಷ್ಟು ಸಭೆ ಆಯ್ತು ಅಂತ ಇರುತ್ತೆ. ಈಗೀಗ ಕೆಲವು ಸಂಶೋಧಕರು ಊರವರನ್ನೇ ಕೇಳೋಕೆ ಶುರು ಮಾಡಿದಾರೆ, ನಿಮಗೆ ಯಾವುದು ಶಾಂತಿಯ ಗುರುತು ಅಂತ. ಆಗ ಬರೋ ಉತ್ತರ ಬೇರೇನೇ ಇರುತ್ತೆ, ರಾತ್ರಿ ಒಬ್ಬರೇ ಹೊರಗೆ ಹೋಗೋಕಾಗುತ್ತಾ, ನಾಯಿ ಬೊಗಳಿದ್ರೆ ಯಾರು ಬಂದ್ರೋ ಅಂತ ಎದ್ದು ಕೂರಬೇಕಾ ಅನ್ನೋ ಥರದ್ದು. ಬೆಲ್‌ಫಾಸ್ಟಲ್ಲಿ ಎರಡು ಸಮುದಾಯದ ಬೀದಿಗಳ ನಡುವೆ ಎತ್ತರದ ಗೋಡೆಗಳಿವೆ, 2023ರೊಳಗೆ ಎಲ್ಲ ಕೆಡವ್ತೀವಿ ಅಂತ ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ಕೆಲವು ಹೋಗಿವೆ, ಹೆಚ್ಚಿನವು ಇನ್ನೂ ನಿಂತಿವೆ. ಗೋಡೆ ಪಕ್ಕ ಮನೆ ಇರೋರಲ್ಲಿ ಎಷ್ಟೋ ಜನ ಇನ್ನೊಂದು ಸ್ವಲ್ಪ ದಿನ ಇರಲಿ, ನಮ್ಮ ಮಕ್ಕಳ ಕಾಲಕ್ಕೆ ಹೋಗಲಿ ಅಂತಾರೆ. ಅವರು ಒಪ್ಪದೆ ಒಂದು ಇಟ್ಟಿಗೇನೂ ತೆಗೀಬಾರದು ಅನ್ನೋದು ಅಲ್ಲಿನ ಪದ್ಧತಿ, ಅದಕ್ಕೇ ಕೆಲವು ಕಡೆ ಗೋಡೆಗೆ ಗೇಟು ಇಟ್ಟಿದಾರೆ, ಹಗಲು ತೆಗೀತಾರೆ, ರಾತ್ರಿ ಮುಚ್ತಾರೆ.